ಮೈಕ್ರೋಮೀಟರೋ, ಹತ್ತರಿಯೋ: ಯಾರ್ಡ್ ಸೇಲ್‌ನಲ್ಲಿ ಯಾವ ಉಪಕರಣಕ್ಕೆ ದುಡ್ಡು ಹಾಕಬೇಕು?

ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳೂವರೆ. ಮ್ಯಾಸಚೂಸೆಟ್ಸ್‌ನ ನಮ್ಮ ಊರಿನ ಒಂದು ಮನೆಯ ಗ್ಯಾರೇಜಿನ ಮುಂದೆ ಎರಡು ಮಡಚುವ ಮೇಜುಗಳು. ಒಂದರ ಮೇಲೆ ಅಂಗೈ ಅಗಲದ ಕಪ್ಪು ಡಬ್ಬಿ, ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಎಂಟು ಡಾಲರ್ ಎಂದಿತ್ತು. ತೆರೆದರೆ ಸ್ಟಾರೆಟ್ ಕಂಪನಿಯ, ಒಂದು ಅಂಗುಲದವರೆಗೆ ದಪ್ಪ ಅಳೆಯುವ ಮೈಕ್ರೋಮೀಟರ್. ಇನ್ನೊಂದು ಮೇಜಿನ ಮೇಲೆ ತುಕ್ಕು ಹಿಡಿದ ಸ್ಟಾನ್ಲಿ ಹತ್ತರಿ, ಅಂದರೆ ಬಡಗಿ ಮರ ಹೆರೆದು ನುಣುಪು ಮಾಡುವ ಉಪಕರಣ, ಮೂವತ್ತು ಡಾಲರ್. ನನ್ನ ಜೇಬಿನಲ್ಲಿ ಆ ದಿನ ಉಳಿದಿದ್ದದ್ದು ಮೂವತ್ತೈದು. ಎರಡನ್ನೂ ಕೊಳ್ಳುವಂತಿರಲಿಲ್ಲ.

ನಾನು ಮೈಕ್ರೋಮೀಟರ್ ತೆಗೆದುಕೊಂಡೆ. ಹತ್ತು ದಿನಗಳಲ್ಲಿ ಅದು 45 ಡಾಲರಿಗೆ ಹೋಯಿತು. ಹತ್ತರಿ ಕೊಂಡಿದ್ದರೆ ಎರಡು ಸಂಜೆ ತುಕ್ಕು ತೆಗೆದು, ಐವತ್ತಕ್ಕೆ ಮಾರಿ, ಅಂಚೆ ವೆಚ್ಚ ಕಳೆದ ಮೇಲೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹಾಗೆಂದು ಯಾವಾಗಲೂ ಮೈಕ್ರೋಮೀಟರನ್ನೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹತ್ತರಿಗಳಲ್ಲಿ ಕೆಲವು ಒಂದೇ ಮಾರಾಟದಲ್ಲಿ ಇಡೀ ಬೇಸಿಗೆಯ ಪೆಟ್ರೋಲು ಖರ್ಚನ್ನು ತಂದುಕೊಡುತ್ತವೆ. ಯಾವುದು ಯಾರಿಗೆ, ಎಷ್ಟು ಬಂಡವಾಳಕ್ಕೆ, ಎಷ್ಟು ಸಮಯಕ್ಕೆ ಹೊಂದುತ್ತದೆ ಎಂಬುದನ್ನು ಕೆಲವು ವರ್ಷಗಳ ಶನಿವಾರಗಳಲ್ಲಿ ಕಲಿತಿದ್ದೇನೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಹೀಗೆ ಹಳೆಯ ಉಪಕರಣ ಕೊಂಡು ಲಾಭಕ್ಕೆ ಮಾರುವ ಬಗ್ಗೆ ಆಗಾಗ ಕೇಳುವವರಿದ್ದಾರೆ. ಅವರಿಗಾಗಿ ಇದು.

ಎಲ್ಲಿ ಹುಡುಕಬೇಕು

ಯಾರ್ಡ್ ಸೇಲ್ ಎಂದರೆ ಮನೆಯವರೇ ಅಂಗಳದಲ್ಲಿ ಸಾಮಾನು ಹರವಿ ಮಾರುವುದು. ಬೆಲೆಯನ್ನು ಅವರೇ ಅಂದಾಜಿನಲ್ಲಿ ಬರೆದಿರುತ್ತಾರೆ, ನಗದು ಕೊಟ್ಟರೆ ಚೌಕಾಸಿಗೆ ಜಾಗವಿದೆ. ಎಸ್ಟೇಟ್ ಸೇಲ್ ಬೇರೆ. ಮನೆಯ ಹಿರಿಯರು ತೀರಿಕೊಂಡಾಗ ಅಥವಾ ವೃದ್ಧಾಶ್ರಮಕ್ಕೆ ಹೋದಾಗ ಇಡೀ ಮನೆಯನ್ನು ಖಾಲಿ ಮಾಡಲು ಒಂದು ಕಂಪನಿಗೆ ಒಪ್ಪಿಸುತ್ತಾರೆ. ಆ ಕಂಪನಿಯವರು ಮೊಬೈಲ್‌ನಲ್ಲಿ ಪ್ರತಿ ವಸ್ತುವಿನ ದರ ನೋಡಿಯೇ ಚೀಟಿ ಅಂಟಿಸುತ್ತಾರೆ. ಮೊದಲ ದಿನ ಅಲ್ಲಿ ನಮ್ಮಂಥವರಿಗೆ ಲಾಭದ ಅಂತರ ಸಿಗುವುದು ಅಪರೂಪ. ಆದರೆ ಕೊನೆಯ ದಿನ ಸಾಮಾನ್ಯವಾಗಿ ಅರ್ಧ ಬೆಲೆ, ಅದೂ ನೆಲಮಾಳಿಗೆಯಲ್ಲಿ ಉಳಿದ ಭಾರದ ಸಾಮಾನುಗಳಿಗೆ ಇನ್ನೂ ಕಡಿಮೆ. ಎಣ್ಣೆ ಮೆತ್ತಿಕೊಂಡ ಬಕೆಟ್ಟಿನಲ್ಲಿ ಹಾಕಿಟ್ಟ ಬಿಡಿ ಉಪಕರಣಗಳನ್ನು ಕಂಪನಿಯವರು ಒಂದೊಂದಾಗಿ ನೋಡಿರುವುದಿಲ್ಲ. ನಾನು ಎಸ್ಟೇಟ್ ಸೇಲ್‌ಗೆ ಹೋಗುವುದು ಆ ಬಕೆಟ್ಟಿಗಾಗಿ.

ಇನ್ನು ಸಂತೆಗಳು. ನಮ್ಮ ರಾಜ್ಯದ ಬ್ರಿಮ್‌ಫೀಲ್ಡ್‌ನಲ್ಲಿ ವರ್ಷಕ್ಕೆ ಮೂರು ಬಾರಿ, ಮೇ, ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ, ಹಳೆಯ ವಸ್ತುಗಳ ಭಾರಿ ಸಂತೆ ನಡೆಯುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಮಿಷಿಗನ್‌ನ ಆಡಿಸನ್‌ನಿಂದ ಅಲಬಾಮದ ಗ್ಯಾಡ್ಸ್‌ಡನ್‌ವರೆಗೆ, ಸುಮಾರು 690 ಮೈಲಿ ಉದ್ದಕ್ಕೂ, 127ನೇ ಹೆದ್ದಾರಿಯ ಪಕ್ಕದಲ್ಲಿ ಅಂಗಳ ಮಾರಾಟ ಸಾಲುಗಟ್ಟುತ್ತದೆ. ಬ್ರಿಮ್‌ಫೀಲ್ಡ್‌ನಲ್ಲಿ ಮಾರುವವರು ಬಹುಪಾಲು ವ್ಯಾಪಾರಿಗಳೇ, ಬೆಲೆ ಅವರಿಗೆ ಕಂಠಪಾಠ. ಅಲ್ಲಿಗೆ ಕೊಳ್ಳಲು ಹೋಗಬೇಡಿ, ಕಲಿಯಲು ಹೋಗಿ. ಒಳ್ಳೆಯ ಹತ್ತರಿಯ ತೂಕ ಎಷ್ಟು, ಸವೆಯದ ಮೈಕ್ರೋಮೀಟರ್ ಹೇಗೆ ತಿರುಗುತ್ತದೆ ಎಂಬುದು ಕೈಗೆ ಗೊತ್ತಾಗಬೇಕು. ಒಂದು ದಿನ ಇಡೀ ಸಂತೆಯಲ್ಲಿ ಮುಟ್ಟಿ ನೋಡುತ್ತಾ ತಿರುಗಿದರೆ, ಫೋಟೋಗಳಲ್ಲಿ ಆರು ತಿಂಗಳು ಕಲಿಯುವುದನ್ನು ಕಲಿಯುತ್ತೀರಿ. ಹೆಚ್ಚಿನ ವ್ಯಾಪಾರಿಗಳು ಆಸಕ್ತಿಯಿಂದ ಕೇಳಿದವರಿಗೆ ವಿವರಿಸಿಯೂ ಹೇಳುತ್ತಾರೆ.

ಹಾಗಾಗಿ ನನ್ನ ಆಯ್ಕೆ: ಕಲಿಯುವುದು ಸಂತೆಯಲ್ಲಿ, ಕೊಳ್ಳುವುದು ಯಾರ್ಡ್ ಸೇಲ್‌ನಲ್ಲಿ. ಅದರಲ್ಲೂ ಹಳೆಯ ಕಾರ್ಖಾನೆ ಊರುಗಳ ಯಾರ್ಡ್ ಸೇಲ್‌ನಲ್ಲಿ. ಸ್ಟಾರೆಟ್ 1880ರಲ್ಲಿ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಆಥಲ್‌ನಲ್ಲಿ. ಸ್ಟಾನ್ಲಿ ಬೆಳೆದದ್ದು ಕನೆಕ್ಟಿಕಟ್‌ನ ನ್ಯೂ ಬ್ರಿಟನ್‌ನಲ್ಲಿ. ಅಳತೆಯ ಉಪಕರಣಗಳ ಇನ್ನೊಂದು ಕಂಪನಿ ಬ್ರೌನ್ ಆಂಡ್ ಶಾರ್ಪ್ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನದ್ದು. ಈ ಸುತ್ತಿನಲ್ಲಿ ಲೇತ್ ಮೇಲೆ ನಲವತ್ತು ವರ್ಷ ದುಡಿದವರ ಮನೆಗಳಿವೆ. ಅವರ ಮಕ್ಕಳು ಬಾಸ್ಟನ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುತ್ತಾರೆ, ಅಪ್ಪನ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಅವರಿಗೆ ತಿಳಿಯದು. ಹೊಸ ಬಡಾವಣೆಗಳಲ್ಲಿ ಸಿಗುವುದು ಮಕ್ಕಳ ಸೈಕಲ್ಲು ಮತ್ತು ಸೋಫಾ.

ಅಳತೆಯ ಉಪಕರಣಗಳು

ನನ್ನ ತಂದೆ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್‌ರೂಮಿನಲ್ಲಿದ್ದರು. ಶಾಲೆಗೆ ರಜೆ ಇದ್ದಾಗ ಮನೆಯಲ್ಲಿ ನನ್ನ ಕೈಗೆ ಮೈಕ್ರೋಮೀಟರ್ ಕೊಟ್ಟು ಅಂಚೆ ಕಾರ್ಡಿನ ದಪ್ಪ ಅಳೆಯಲು ಹೇಳುತ್ತಿದ್ದರು. ಬಿಗಿಯಾಗಿ ತಿರುಗಿಸಿದರೆ ಬೈಗುಳ. "ಅದು ಇಕ್ಕಳ ಅಲ್ಲಪ್ಪ, ಟಿಕ್ ಅಂದ ಮೇಲೆ ಬಿಟ್ಟುಬಿಡು" ಎನ್ನುತ್ತಿದ್ದರು. ಆ ಒಂದು ಪಾಠ ಇಲ್ಲಿ ನನಗೆ ಎಷ್ಟು ಸಲ ಉಪಯೋಗಕ್ಕೆ ಬಂತೆಂದು ಲೆಕ್ಕವಿಲ್ಲ. ಅದಕ್ಕೇ ನನ್ನ ಒಲವು ಈ ಕಡೆಗೆ, ಮರೆಮಾಚುವುದಿಲ್ಲ.

ಆದರೂ ಒಲವನ್ನು ಬದಿಗಿಟ್ಟು ನೋಡಿದರೂ, ಹೊಸಬರಿಗೆ ಅಳತೆಯ ಉಪಕರಣಗಳಷ್ಟು ಒಳ್ಳೆಯ ಆರಂಭ ಬೇರೆಯಿಲ್ಲ. ಗಾತ್ರ ಚಿಕ್ಕದು, ತೂಕ ಕಡಿಮೆ, ಅಂಚೆಯಲ್ಲಿ ಕಳುಹಿಸಲು ಸುಲಭ. ಹೆಸರು ಮತ್ತು ನಂಬರ್ ಉಪಕರಣದ ಮೇಲೆಯೇ ಕೆತ್ತಿರುತ್ತದೆ, ಹುಡುಕಿದರೆ ಒಂದು ನಿಮಿಷದಲ್ಲಿ ದರ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸರಿಯಿದೆಯೋ ಇಲ್ಲವೋ ಎಂದು ಅಲ್ಲಿಯೇ ನಿಂತು ಪರೀಕ್ಷಿಸಬಹುದು.

ಪರೀಕ್ಷೆ ಹೀಗೆ. ಅಂಗುಲದ ಮೈಕ್ರೋಮೀಟರಿನ ಒಳ ತಿರುಪಿಗೆ ಅಂಗುಲಕ್ಕೆ 40 ಸುತ್ತು. ಅಂದರೆ ತಿರುಗಣೆಯ ಒಂದು ಸುತ್ತಿಗೆ ಇಪ್ಪತ್ತೈದು ಥೌ, ಒಂದು ಥೌ ಎಂದರೆ ಅಂಗುಲದ ಸಾವಿರದಲ್ಲಿ ಒಂದು ಭಾಗ. ಎರಡು ಅಳತೆ ಮುಖಗಳನ್ನು ಬಟ್ಟೆಯಿಂದ ಒರೆಸಿ, ಮೆಲ್ಲಗೆ ಮುಚ್ಚಿ. ಸೊನ್ನೆಯ ಗೆರೆ ಸೊನ್ನೆಗೆ ಕೂಡಬೇಕು. ಒಂದೆರಡು ಗೆರೆ ಆಚೀಚೆ ಇದ್ದರೆ ಹೆದರಬೇಡಿ, ಅದನ್ನು ಚಿಕ್ಕ ಕೊಕ್ಕೆ ಪಾನಾದಿಂದ ಸರಿಪಡಿಸಬಹುದು. ಅನೇಕರು ಇದನ್ನೇ ದೋಷವೆಂದುಕೊಂಡು ಬಿಟ್ಟುಹೋಗುತ್ತಾರೆ, ಅಲ್ಲಿಯೇ ನಿಮಗೆ ಅವಕಾಶ. ನಿಜವಾದ ದೋಷ ಬೇರೆ ಕಡೆ ಇದೆ. ಮುಚ್ಚಿದ ಮುಖಗಳನ್ನು ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕಿನ ಸೀಳು ಕಂಡರೆ ಮುಖ ಸವೆದಿದೆ. ಮುಖದ ಮೇಲೆ ತುಕ್ಕಿನ ಗುಂಡಿಗಳಿದ್ದರೆ ವಾಪಸ್ ಇಡಿ. ಇನ್ನು ತಿರುಗಿಸುವಾಗ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಎನಿಸಿದರೆ ಅದೂ ಬೇಡ, ಯಾವಾಗಲೋ ನೆಲಕ್ಕೆ ಬಿದ್ದು ತಿರುಪು ಬಾಗಿರುತ್ತದೆ.

ಸ್ಟಾರೆಟ್, ಬ್ರೌನ್ ಆಂಡ್ ಶಾರ್ಪ್, ಜಪಾನಿನ ಮಿಟುಟೊಯೊ: ಈ ಮೂರು ಹೆಸರು ನೆನಪಿಟ್ಟರೆ ಆರಂಭಕ್ಕೆ ಸಾಕು. ಆದರೆ ಮಿಟುಟೊಯೊ ಹೆಸರಿನ ಡಿಜಿಟಲ್ ಕ್ಯಾಲಿಪರ್‌ಗಳಲ್ಲಿ, ಅಂದರೆ ಜಾರುವ ದವಡೆಯ ಅಳತೆ ಉಪಕರಣಗಳಲ್ಲಿ, ನಕಲಿ ಮಾಲು ಬಹಳ. ಅಕ್ಷರಗಳ ಮುದ್ರಣ ಮಸುಕಾಗಿದ್ದರೆ, ಜಾರುವ ಭಾಗ ಗರಗರ ಎಂದರೆ ಮುಟ್ಟಬೇಡಿ. ಸ್ಟಾರೆಟ್ ಕಂಪನಿಯ ಸ್ಥಾಪಕ ಲಾರಾಯ್ ಸ್ಟಾರೆಟ್ ರೂಪಿಸಿದ ಕಾಂಬಿನೇಶನ್ ಸ್ಕ್ವೇರ್ (ಅಳತೆ ಪಟ್ಟಿಯ ಮೇಲೆ ಜಾರುವ ಮೂಲೆಮಟ್ಟ) ಕೂಡ ಚೆನ್ನಾಗಿ ಹೋಗುತ್ತದೆ, ಕೋನ ತೋರಿಸುವ ಮತ್ತು ಕೇಂದ್ರ ಹುಡುಕುವ ತಲೆಗಳೂ ಜೊತೆಗಿದ್ದರೆ ಇನ್ನೂ ಚೆನ್ನ. ಒಂದೇ ತಲೆ ಇದ್ದದ್ದಕ್ಕೂ ಮೂರೂ ಇದ್ದದ್ದಕ್ಕೂ ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸ ಬರುತ್ತದೆ.

ಇವೆಲ್ಲ ಇಟ್ಟುಕೊಳ್ಳುತ್ತಿದ್ದ ಪೆಟ್ಟಿಗೆಯನ್ನು ಮರೆಯಬೇಡಿ. ಓಹಾಯೊದ ಡೇಟನ್‌ನಲ್ಲಿ ಗರ್ಸ್ಟ್‌ನರ್ ಎಂಬ ಕಂಪನಿ 1906ರಿಂದ ಓಕ್ ಮರದ, ಖಾನೆಗಳೊಳಗೆ ಹಸಿರು ಫೆಲ್ಟ್ ಹಾಸಿದ ಪೆಟ್ಟಿಗೆಗಳನ್ನು ಮಾಡುತ್ತಿದೆ. ಹಳೆಯದಾದರೂ ಒಳ್ಳೆಯ ಸ್ಥಿತಿಯಲ್ಲಿದ್ದರೆ ನೂರಾರು ಡಾಲರ್. ಮುಂದಿನ ಮುಚ್ಚುಹಲಗೆಯನ್ನು ಕೆಳಗಿನ ಖಾನೆಯ ಅಡಿಗೆ ಜಾರಿಸಿಡುವ ವ್ಯವಸ್ಥೆ ಅದರಲ್ಲಿದೆ. ಹಲಗೆ ಕಾಣೆಯಾಗಿದೆ ಎಂದು ಮಾರುವವರೇ ನಂಬಿರುವ ಪೆಟ್ಟಿಗೆಯಲ್ಲಿ ಅದು ಅಡಿಯಲ್ಲೇ ಸಿಕ್ಕಿಕೊಂಡಿದ್ದದ್ದನ್ನು ನಾನು ಕಂಡಿದ್ದೇನೆ. ಎಲ್ಲ ಖಾನೆಗಳನ್ನೂ ಎಳೆದು, ಕೈ ಒಳಗೆ ಹಾಕಿ ನೋಡಿ.

ಹತ್ತರಿಗಳು

ಬಡಗಿಯ ಹತ್ತರಿಯನ್ನು ಕೆಲವು ಕಡೆ ಕೀಸುಳಿ ಎನ್ನುತ್ತಾರೆ, ಕೆಲವು ಕಡೆ ಉಜ್ಜುಗೊರಡು. ನಮ್ಮಲ್ಲಿ ಮರದ ಮೈಯದ್ದು ಹೆಚ್ಚು. ಅಮೆರಿಕದಲ್ಲಿ ಎರಕದ ಕಬ್ಬಿಣದ ಹತ್ತರಿಯನ್ನು ಮನೆಮನೆಗೆ ತಲುಪಿಸಿದ್ದು ಸ್ಟಾನ್ಲಿ. 1869ರಲ್ಲಿ ಈ ಬಗೆಯ ಹತ್ತರಿ ರೂಪಿಸಿದ ಲೆನರ್ಡ್ ಬೈಲಿಯ ಹಕ್ಕುಗಳನ್ನು ಕೊಂಡ ಮೇಲೆ ಆ ಕಂಪನಿ ಇವನ್ನು ಎಷ್ಟು ಮಾಡಿತೆಂದರೆ, ಇಂದಿಗೂ ಪ್ರತಿ ನಾಲ್ಕನೇ ಗ್ಯಾರೇಜಿನಲ್ಲಿ ಒಂದು ಕಾಣುತ್ತದೆ ಎನಿಸುತ್ತದೆ.

ಸಿಗುವುದು ಸುಲಭ, ಗುರುತಿಸುವುದು ಕಷ್ಟ. ಸ್ಟಾನ್ಲಿಯ ಮಾದರಿ ನಂಬರ್ 4 ಮತ್ತು 5 ಎಲ್ಲೆಲ್ಲೂ ಇವೆ. ಹತ್ತು ಡಾಲರಿಗೆ ಸಿಕ್ಕರೆ ಕೊಳ್ಳಬಹುದು, ಮೂವತ್ತಕ್ಕಾದರೆ ಬೇಡ. "ಹ್ಯಾಂಡಿಮ್ಯಾನ್" ಎಂದು ಬರೆದಿರುವುದು ಸ್ಟಾನ್ಲಿಯ ಅಗ್ಗದ ಸಾಲಿನದ್ದು, ಯಾವ ಬೆಲೆಗೂ ಬೇಡ. ಬ್ಲೇಡು ಕೂರುವ ಕಬ್ಬಿಣದ ಇಳಿಜಾರು ತುಂಡನ್ನು ಇಲ್ಲಿಯವರು ಫ್ರಾಗ್ ಎನ್ನುತ್ತಾರೆ. ಅದರ ಹಿಂದೆ ಹಾಸಿನ (ಹತ್ತರಿಯ ಕಬ್ಬಿಣದ ಮೈಯ ಒಳಭಾಗ) ಮೇಲೆ ಮೂರು ಪೇಟೆಂಟ್ ದಿನಾಂಕಗಳು, ಕೊನೆಯದು 1910ರ ಏಪ್ರಿಲ್ 19, ಎರಕದಲ್ಲೇ ಮೂಡಿದ್ದರೆ ಅದು ಸುಮಾರು 1910ರಿಂದ 1918ರ ಕಾಲದ್ದು. ಕೆಲಸಕ್ಕೂ ಸಂಗ್ರಹಕ್ಕೂ ಜನ ಕೇಳಿ ಕೊಳ್ಳುವ ಮಾಲು. ಬ್ಲೇಡಿನ ಮೇಲೆ ಹೃದಯದ ಆಕೃತಿಯೊಳಗೆ ಎಸ್‌ಡಬ್ಲ್ಯೂ ಅಕ್ಷರಗಳಿದ್ದರೆ 1920ರಿಂದ 1935ರ ನಡುವಿನದ್ದು. ಇಲ್ಲಿ ಎಚ್ಚರ: ಬ್ಲೇಡು ಬದಲಾಗಿರಬಹುದು. ಮೂರು ಹತ್ತರಿಗಳ ಭಾಗ ಸೇರಿಸಿ ಒಂದು ಮಾಡಿದವು ಬಹಳ ತಿರುಗಾಡುತ್ತವೆ. ಬ್ಲೇಡನ್ನಷ್ಟೇ ನೋಡಿ ಕಾಲ ನಿರ್ಧರಿಸಬೇಡಿ, ಹಾಸನ್ನು ನೋಡಿ.

"ಬೆಡ್ ರಾಕ್" ಎಂಬ ಅಕ್ಷರಗಳು ಕಂಡರೆ ನಿಧಾನಿಸಿ. ನಂಬರ್ 604, 605 ಹೀಗೆ ಆರುನೂರರ ಸಾಲಿನಲ್ಲಿರುತ್ತದೆ. ಬದಿಯ ಗೋಡೆಗಳ ಮೇಲ್ಭಾಗ ಚಪ್ಪಟೆಯಾಗಿ ಕತ್ತರಿಸಿದಂತಿದ್ದರೆ ಸಾಮಾನ್ಯ ಬೈಲಿಗಿಂತ ಎರಡು ಮೂರು ಪಟ್ಟು ಬೆಲೆ. ಇನ್ನು ನಂಬರ್ 1, ಅಂಗೈಯಲ್ಲಿ ಕೂರುವಷ್ಟು ಪುಟ್ಟದು, ಸಾವಿರ ಡಾಲರ್ ದಾಟುತ್ತದೆ. ಅಷ್ಟೇ ಕಾರಣಕ್ಕೆ ಅದರ ನಕಲುಗಳೂ ಇವೆ. ಕಂಡ ಕೂಡಲೇ ಕೈ ನಡುಗಿದರೂ, ತಿಳಿದವರಿಗೆ ಫೋಟೋ ಕಳುಹಿಸದೆ ದೊಡ್ಡ ಮೊತ್ತ ಕೊಡಬೇಡಿ.

ನಂಬರ್ 45 ನನಗೆ ಪಾಠ ಕಲಿಸಿದ್ದು. ಮರದಲ್ಲಿ ತೋಡು ಕೊರೆಯುವುದು, ಅಂಚು ಉರುಟು ಮಾಡುವುದು, ಗೆರೆ ಹಾಕುವುದು ಎಲ್ಲಕ್ಕೂ ಒಂದೇ ಹತ್ತರಿ, ಜೊತೆಗೆ ಪೆಟ್ಟಿಗೆ ತುಂಬ ಬ್ಲೇಡುಗಳು. ನಿಕಲ್ ಲೇಪ ಹೊಳೆಯುತ್ತಿತ್ತು, ನಲವತ್ತು ಡಾಲರ್ ಕೊಟ್ಟೆ. ಮನೆಗೆ ಬಂದು ಬಿಚ್ಚಿ ಜೋಡಿಸಿದರೆ ಆಳ ನಿಲ್ಲಿಸುವ ತುಂಡು ಇಲ್ಲ, ಒಂದು ಉದ್ದ ಸಲಾಕೆ ಇಲ್ಲ, ಬ್ಲೇಡುಗಳಲ್ಲಿ ಅರ್ಧ ಕಾಣೆ. ಪೂರ್ಣ ಸೆಟ್ಟಾಗಿದ್ದರೆ 150 ಡಾಲರ್ ತರುತ್ತಿದ್ದದ್ದು 60ಕ್ಕೆ ಹೋಯಿತು. ಆನ್‌ಲೈನ್ ಮಾರಾಟ ತಾಣ ಇಬೇಯ ಶುಲ್ಕ ಎಂಟು, ಅಂಚೆಗೆ ಹದಿನಾಲ್ಕು ಕಳೆದರೆ ಉಳಿದದ್ದು ಮೂವತ್ತೆಂಟು. ಕೊಟ್ಟದ್ದಕ್ಕಿಂತ ಎರಡು ಡಾಲರ್ ಕಡಿಮೆ. ಬಹುಭಾಗಗಳ ಉಪಕರಣವನ್ನು ಪೂರ್ಣ ಚಿತ್ರದ ಜೊತೆ ಹೋಲಿಸಿ ನೋಡದೆ ಕೊಳ್ಳಲೇಬಾರದು ಎಂದು ಅಂದು ತೀರ್ಮಾನಿಸಿದೆ.

ಯಾವ ಹತ್ತರಿಯಾದರೂ ಬ್ಲೇಡು ತೆಗೆದು, ಅದು ಕೆಳಗೆ ಹೊರಬರುವ ಬಾಯಿಯ ಸುತ್ತ ಬಿರುಕಿದೆಯೇ ನೋಡಿ. ಎರಕದ ಕಬ್ಬಿಣ ಬಿದ್ದರೆ ಅಲ್ಲೇ ಸೀಳುತ್ತದೆ. ಬದಿಯ ಗೋಡೆಯ ಮೇಲೆ ಹಿತ್ತಾಳೆ ಬಣ್ಣದ ಗೆರೆ ಕಂಡರೆ ಒಡೆದದ್ದನ್ನು ಬೆಸೆದಿದ್ದಾರೆ. ಹಿಂದಿನ ಹಿಡಿಯ ಮೇಲ್ತುದಿ ಮುರಿದಿರುವುದು ಸಾಮಾನ್ಯ, ಅದಕ್ಕೆ ಸ್ವಲ್ಪ ಬೆಲೆ ಇಳಿಸಿ ಕೇಳಿ, ಆದರೆ ಅದೊಂದೇ ಕಾರಣಕ್ಕೆ ಬಿಡಬೇಡಿ.

ಮೆಕ್ಯಾನಿಕ್‌ಗಳ ವಿಶೇಷ ಉಪಕರಣಗಳು

ಮೆಕ್ಯಾನಿಕ್ ಉಪಕರಣಗಳಲ್ಲಿ ಸ್ನಾಪ್-ಆನ್ ಕಂಪನಿಯ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಅದು ಅಗ್ಗಕ್ಕೆ ಸಿಗುವುದಿಲ್ಲ, ಸಿಕ್ಕರೂ ನಿಮಗಿಂತ ಮೊದಲು ಬಂದವರ ಕೈಯಲ್ಲಿರುತ್ತದೆ. ನಾನು ಹುಡುಕುವುದು ಯಾರಿಗೂ ಏನೆಂದು ತಿಳಿಯದ ತುಂಡುಗಳನ್ನು. ಕೆಂಟ್-ಮೂರ್ ಎಂಬ ಕಂಪನಿ ಜನರಲ್ ಮೋಟಾರ್ಸ್ ಕಾರುಗಳ ರಿಪೇರಿಗಾಗಿ ಮಾಡಿದ ಉಪಕರಣಗಳ ಮೇಲೆ ಇಂಗ್ಲಿಷಿನ ಜೆ ಅಕ್ಷರ, ಅದರ ಮುಂದೆ ಅಂಕಿಗಳು ಇರುತ್ತವೆ. ಒಂದು ಗೇರ್‌ಬಾಕ್ಸಿನ ಒಂದು ಸೀಲನ್ನು ಕೂರಿಸಲು ಮಾತ್ರ ಬರುವ ಬಳೆ, ಒಂದೇ ಬಗೆಯ ಬೇರಿಂಗ್ ಎಳೆಯುವ ಕೊಂಡಿ. ನೋಡಿದರೆ ಗುಜರಿ. ಆದರೆ ಹಳೆಯ ಕಾರನ್ನು ಸರಿಪಡಿಸುವವನಿಗೆ ಅದಿಲ್ಲದೆ ಕೆಲಸ ಮುಂದುವರಿಯದು, ಹೊಸದು ತಯಾರಾಗುವುದು ನಿಂತಿರುತ್ತದೆ. ಮಿನ್ನೆಸೋಟದ ಓವಟಾನಾದ ಒಟಿಸಿ ಕಂಪನಿಯ ಎಳೆಗೊಂಡಿಗಳೂ ಹೀಗೆಯೇ. ಒಂದು ಬಕೆಟ್ ಐದು ಡಾಲರಿಗೆ ಕೊಂಡು, ಮನೆಯಲ್ಲಿ ಒಂದೊಂದರ ನಂಬರ್ ಹುಡುಕುತ್ತಾ ಕೂರುವುದು ನನಗೆ ಭಾನುವಾರದ ಇಷ್ಟದ ಕೆಲಸ.

ಇದರ ತೊಂದರೆ ಎಂದರೆ ಕಾಯಬೇಕು. ಮೈಕ್ರೋಮೀಟರ್ ಎರಡು ವಾರದಲ್ಲಿ ಹೋದರೆ, ಇಂಥ ತುಂಡು ಎಂಟು ತಿಂಗಳು ಕೂರಬಹುದು. ಅದನ್ನೇ ಬೇಕೆನ್ನುವ ಒಬ್ಬ ಮನುಷ್ಯ ಬರುವವರೆಗೆ ಇಡಲು ಜಾಗವೂ ತಾಳ್ಮೆಯೂ ಇರಬೇಕು. ಫ್ಲ್ಯಾಟಿನಲ್ಲಿರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಎಲೆಕ್ಟ್ರಿಷಿಯನ್‌ಗಳ ಸಾಮಾನಿನಲ್ಲಿ ವಿದ್ಯುತ್ ಅಳೆಯುವ ಫ್ಲೂಕ್ ಮೀಟರ್, ಗ್ರೀನ್‌ಲೀ ಕಂಪನಿಯ ತಗಡು ತೂತು ಹಾಕುವ ಸೆಟ್ ಒಳ್ಳೆಯವು. ಮೀಟರಿನ ಬ್ಯಾಟರಿ ಖಾನೆ ತೆರೆದು ಸೋರಿಕೆಯ ಹಸಿರು ಕಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಸತ್ತ ಡ್ರಿಲ್ಲುಗಳನ್ನು ಯಾರು ಎಷ್ಟು ಹೊಗಳಿದರೂ ಕೊಳ್ಳಬೇಡಿ.

ತುಕ್ಕು ತೆಗೆಯಬೇಕೇ

ಮೆಕ್ಯಾನಿಕ್ ಕೊಳ್ಳುವ ವಸ್ತುವಾದರೆ ತೆಗೆಯಿರಿ. ಸಂಗ್ರಾಹಕ ಕೊಳ್ಳುವ ವಸ್ತುವಾದರೆ ಕೈ ಬಿಗಿ ಹಿಡಿಯಿರಿ. ಹಳೆಯ ಹತ್ತರಿಯನ್ನು ತಂತಿ ಚಕ್ರಕ್ಕೆ ಹಿಡಿದು ಹೊಳಪು ಬರಿಸಿದರೆ ಮೂಲ ಕಪ್ಪು ಬಣ್ಣ ಮತ್ತು ನೂರು ವರ್ಷದ ಕಂದು ಪದರ ಎರಡೂ ಹೋಗುತ್ತವೆ, ಅದರೊಂದಿಗೆ ಬೆಲೆಯೂ. ಇವಾಪೊ-ರಸ್ಟ್ ದ್ರಾವಣದಲ್ಲಿ ರಾತ್ರಿ ನೆನೆಸಿದರೆ ಲೋಹಕ್ಕೆ ಪೆಟ್ಟಿಲ್ಲ. ವಿನಿಗರ್ ಅಗ್ಗ, ಆದರೆ ಮರೆತು ಬಿಟ್ಟರೆ ಲೋಹವನ್ನೇ ತಿಂದು ಬೂದು ಬಣ್ಣ ಮಾಡುತ್ತದೆ. ಮೈಕ್ರೋಮೀಟರನ್ನು ಯಾವುದರಲ್ಲೂ ಮುಳುಗಿಸಬೇಡಿ. ತೆಳು ಎಣ್ಣೆ ಹಾಕಿದ ಬಟ್ಟೆ ಸಾಕು.

ಮಾರುವ ಲೆಕ್ಕ

ಇಬೇಯಲ್ಲಿ ಜನ ಕೇಳುತ್ತಿರುವ ಬೆಲೆಯನ್ನು ನೋಡಬೇಡಿ. ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಕೇಳಿದ ಬೆಲೆ ಆಸೆ, ಮಾರಿದ ಬೆಲೆಯೇ ದರ. ಅಲ್ಲಿನ ಶುಲ್ಕ ಹೆಚ್ಚಿನ ವಸ್ತುಗಳಿಗೆ ಶೇಕಡಾ 13ರ ಆಸುಪಾಸು. ಊರಿನೊಳಗೆ ಫೇಸ್‌ಬುಕ್ ಮಾರುಕಟ್ಟೆಯಲ್ಲಿ ಕೈಗೆ ಕೈ ಕೊಟ್ಟರೆ ಶುಲ್ಕವಿಲ್ಲ, ಆದರೆ ವಿಶೇಷ ಉಪಕರಣಕ್ಕೆ ಊರಿನಲ್ಲಿ ಗಿರಾಕಿ ಸಿಗುವುದು ಕಷ್ಟ. ನಾನು ಭಾರದ್ದನ್ನು, ಅಂದರೆ ಬೆಂಚು ವೈಸ್ ಮತ್ತು ದೊಡ್ಡ ಪೆಟ್ಟಿಗೆಗಳನ್ನು, ಊರಿನಲ್ಲಿ ಮಾರುತ್ತೇನೆ, ಉಳಿದದ್ದನ್ನೆಲ್ಲ ಇಬೇಯಲ್ಲಿ. ಚಿಕ್ಕದಾದರೂ ತೂಕವಿರುವ ವಸ್ತುಗಳಿಗೆ ಅಂಚೆ ಇಲಾಖೆಯ ಫ್ಲಾಟ್ ರೇಟ್ ಡಬ್ಬಿ ವರ. 70 ಪೌಂಡಿನವರೆಗೂ ಡಬ್ಬಿಯ ದರ ಒಂದೇ.

ನಮ್ಮವರಿಗೆ ಇನ್ನೊಂದು ಮಾತು ಹೇಳಲೇಬೇಕು. ಎಚ್-1ಬಿ ವೀಸಾದಲ್ಲಿರುವವರು ಪ್ರಾಯೋಜಿಸಿದ ಕಂಪನಿಯ ಹೊರಗೆ ದುಡಿಯುವಂತಿಲ್ಲ. ಲಾಭಕ್ಕಾಗಿ ನಿಯಮಿತವಾಗಿ ಕೊಂಡು ಮಾರುವುದು ಆ ನಿಯಮಕ್ಕೆ ಸಿಲುಕಬಹುದು. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವಾಗ ನಲವತ್ತು ಡಾಲರಿಗಾಗಿ ಅದನ್ನು ಅಪಾಯಕ್ಕೆ ಒಡ್ಡಬೇಡಿ. ಮೊದಲು ವಲಸೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರೂ ಲಾಭಕ್ಕೆ ತೆರಿಗೆ ಕಟ್ಟಬೇಕು. ಕೊಂಡ ದಿನ, ಕೊಟ್ಟ ಬೆಲೆ, ಮಾರಿದ ಬೆಲೆ ಒಂದು ಪುಸ್ತಕದಲ್ಲಿ ಬರೆದಿಡಿ.

ಕೆಲವೊಮ್ಮೆ ಮೇಜಿನ ಹಿಂದೆ ಕೂತಿರುವವರು ತೀರಿಹೋದ ಗಂಡನ ಉಪಕರಣ ಮಾರುತ್ತಿರುವ ಅಜ್ಜಿ. ಹತ್ತು ಡಾಲರ್ ಚೀಟಿಯ ಹಿಂದೆ ಐನೂರರ ವಸ್ತು ಇದ್ದರೆ ನಾನು ಅವರಿಗೆ ಹೇಳುತ್ತೇನೆ. ಒಮ್ಮೆ ಗರ್ಸ್ಟ್‌ನರ್ ಪೆಟ್ಟಿಗೆಯ ವಿಷಯದಲ್ಲಿ ಹೀಗೆ ಹೇಳಿದಾಗ ಅವರು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಅಂಗಳಕ್ಕೆ ತಂದೇ ಇರದ ಎರಡು ಕಪಾಟುಗಳಿದ್ದವು. ಇಬ್ಬರೂ ಕೂತು ಒಂದೊಂದಕ್ಕೆ ದರ ಹಾಕಿ ನ್ಯಾಯವಾದ ಬೆಲೆಗೆ ಕೊಂಡೆ. ಅಲ್ಲಿಂದ ಬಂದ ಲಾಭ ಆ ವರ್ಷದ ಉಳಿದೆಲ್ಲ ಶನಿವಾರಗಳ ಲಾಭಕ್ಕಿಂತ ಹೆಚ್ಚು. ಈಗಲೂ ಅವರ ಪರಿಚಯದವರ ಮನೆಗಳಿಂದ ಕರೆ ಬರುತ್ತದೆ.

ನೂರು ಡಾಲರ್ ಮತ್ತು ನಾಲ್ಕು ಶನಿವಾರ ಇಟ್ಟುಕೊಂಡು ಈಗಷ್ಟೇ ಶುರುಮಾಡುವವರು ಎಪ್ಪತ್ತನ್ನು ಅಳತೆಯ ಉಪಕರಣಗಳಿಗೆ ಇಡಿ, ಮೂವತ್ತನ್ನು ಹತ್ತು ಡಾಲರಿನೊಳಗಿನ ಹತ್ತರಿಗಳಿಗೆ. ಎರಡನೇ ಬೇಸಿಗೆಗೆ ಬೆಡ್ ರಾಕ್ ಹುಡುಕಬಹುದು. ಜೇಬಿನಲ್ಲಿ ಒಂದು ಮತ್ತು ಐದು ಡಾಲರಿನ ನೋಟುಗಳು, ಚಿಕ್ಕ ಟಾರ್ಚು, ಒರೆಸುವ ಬಟ್ಟೆ ಇರಲಿ.

ಮಾರಾಟವಾದ ಹತ್ತರಿಯನ್ನು ಕಳುಹಿಸುವಾಗ ಬ್ಲೇಡನ್ನು ಬಿಚ್ಚಿ ರಟ್ಟಿನಲ್ಲಿ ಬೇರೆ ಸುತ್ತಿ, ಹಿಂದಿನ ಹಿಡಿಯನ್ನೂ ತಿರುಪು ಬಿಚ್ಚಿ ಬೇರೆ ಇಡಿ. ಡಬ್ಬಿ ಅಲುಗಿಸಿದರೆ ಒಳಗೆ ಏನೂ ಸದ್ದು ಮಾಡಬಾರದು. ಕಾಗದ ತುಂಬಿದರೆ ಸಾಲದು, ಭಾರಕ್ಕೆ ಅದು ಹಿಟ್ಟಿನಂತೆ ಕುಸಿಯುತ್ತದೆ. ನಾಲ್ಕು ಮೂಲೆಗೂ ದಪ್ಪ ಥರ್ಮಾಕೋಲಿನ ತುಂಡು ಇಟ್ಟ ಮೇಲೆಯೇ ಟೇಪು ಹಚ್ಚಿ.